ಕೇಳದೇ ಬಿಟ್ಟ ಪ್ರಶ್ನೆ

“ಯವ್ವಾ, ನಾ ಸಾಲಿಗೆ ಹೋಗಂಗಿಲ್ಲ,” ಎಂದು ಎರಡನೆಯ ತರಗತಿಯ ಭಾಗ್ಯಶ್ರೀ ಚೀಲ ಎಸೆದಳು.

ಯಾದಗಿರಿ ಕಡೆಯಿಂದ ತೆಲುಗು ನಾಡಿನ ಮಣಿಕೊಂಡಕ್ಕೆ ಕಟ್ಟಡದ ಕೆಲಸಕ್ಕೆ ಬಂದ ಅನ್ನಮ್ಮನಿಗೆ ಮಗಳನ್ನು ಓದಿಸಲೇಬೇಕೆಂಬ ಹಠ. ಆ ಹಠಕ್ಕೇ ಈಗ ಪೆಟ್ಟು ಬಿತ್ತು.

“ಯಾಕ, ಯಾರರ ಹೊಡದ್ರೇನು?”

“ಇಲ್ಲ. ಟೀಚರ್ ಎಲ್ಲಾರ್ನೂ ಪ್ರಶ್ನಿ ಕೇಳ್ತಾರ, ನನ್ನ ಬಿಟ್ಟು ಮುಂದ ಹೋಗ್ತಾರ. ಟೀಚರಿಗೆ ನಾ ಸೇರಂಗಿಲ್ಲಂತ, ನಾ ದಡ್ಡಿ ಅಂತ ಹುಡುಗ್ರು ಅಂತಾರ. ಆಟಕ್ಕೂ ಯಾರೂ ಕರಿಯಂಗಿಲ್ಲ.”

ಅನ್ನಮ್ಮನ ಪಿತ್ತ ನೆತ್ತಿಗೇರಿತು. “ಹಂಗಾರ ನಾಳಿಯಿಂದ ಸಾಲಿ ಬಂದ್! ನಮ್ಮಂಥವರ ಮಕ್ಕಳು ಅವರಿಗೆ ಬ್ಯಾಡಾಗ್ಯಾರ.”

ಕೂಗಾಟ ಕೇಳಿ ಪಕ್ಕದ ಮನೆಯ ಶಿವದೇವಿ ಬಂದಳು. ಸ್ವಸಹಾಯ ಗುಂಪಿನ ಮುಂದಾಳು, ನಾಲ್ಕು ಮಾತು ತಿಳಿದವಳು. “ಅನ್ನಮ್ಮಕ್ಕಾ, ಮಕ್ಕಳು ಟೀಚರ ಮಾರಿ ನೋಡೇ ಯಾರ ಜೋಡಿ ಆಡಬೇಕು, ಯಾರ್ನ ಬಿಡಬೇಕು ಅಂತ ತಿಳ್ಕೊಂತಾವ. ಆದ್ರ ಟೀಚರ ಮನಸಿನ್ಯಾಗ ಏನೈತಿ ಅಂತ ಕೇಳಿಯೇನು?”

“ತೆಲುಗು ಬರಂಗಿಲ್ಲ ನನಗ. ಹೆಂಗ ಕೇಳ್ಲಿ?”

“ನನಗ ಬರ್ತೈತಲ್ಲ, ನಡಿ.”

ಮರುದಿನ ಇಬ್ಬರೂ ಭಾಗ್ಯಶ್ರೀಯನ್ನು ಕರೆದುಕೊಂಡು ಶಾಲೆಯ ಮೆಟ್ಟಿಲು ಹತ್ತಿದರು. ಶಿವದೇವಿ ತೆಲುಗಿನಲ್ಲಿ ಎಲ್ಲ ಹೇಳಿದಾಗ ಸುಭದ್ರಾ ಟೀಚರ್ ತಲೆಯ ಮೇಲೆ ಕೈ ಹೊತ್ತು ಕುಳಿತರು. ತೆಲುಗು ಬಾರದ ಮಗು ಎಲ್ಲರೆದುರು ತಡವರಿಸಿ ನಾಚುವುದು ಬೇಡವೆಂದೇ ಅವರು ಪ್ರಶ್ನೆ ಕೇಳುತ್ತಿರಲಿಲ್ಲವಂತೆ! ಮಾಡಿದ್ದು ಅಕ್ಕರೆಯಿಂದ, ಮಕ್ಕಳಿಗೆ ಕಂಡದ್ದು ತಾತ್ಸಾರ.

ಆಗಲೇ ಟೀಚರ್ ಬೋರ್ಡಿನ ಮೇಲೆ ಲೆಕ್ಕ ಬರೆದು ಭಾಗ್ಯಶ್ರೀಯನ್ನು ಕರೆದರು. ಬಾಗಿಲಲ್ಲಿ ನಿಂತ ಅನ್ನಮ್ಮ ಕತ್ತು ಚಾಚಿ ನೋಡಿದಳು. ಹುಡುಗಿ ಬೆರಳು ಮಡಿಚಿ ಎಣಿಸಿದಳು, ಉತ್ತರ ಬರೆದಳು. ಸರಿ ಉತ್ತರ! ಟೀಚರ್ ಬೆನ್ನು ತಟ್ಟಿ, ನಿಮ್ಮ ಮಾತಿನಲ್ಲಿ ಎಣಿಸುವುದನ್ನು ನಮಗೂ ಕಲಿಸು ಎಂದರು; ಶಿವದೇವಿ ಅದನ್ನು ಕನ್ನಡದಲ್ಲಿ ಹೇಳಿದಳು. ಭಾಗ್ಯಶ್ರೀ ಹೇಳಿಕೊಟ್ಟಂತೆ ಇಡೀ ತರಗತಿ “ಒಂದು, ಎರಡು” ಎಂದು ಕೂಗಿತು. ಅನ್ನಮ್ಮನ ಕಣ್ಣು ತುಂಬಿ ಬಂತು.

ಸಂಜೆ ಭಾಗ್ಯಶ್ರೀಯ ಹಿಂದೆ ಗೆಳತಿಯರ ದಂಡೇ ಬಂತು. ಅವರ ಆಟದ ಗದ್ದಲ ಓಣಿ ತುಂಬಿತು. ಅನ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನನ್ನ ಮಗಳ ಸಾಲಿ ಬಿಡಸಾಕ ಯಾರರ ಬರ್ಲಿ, ನೋಡ್ತೀನಿ!”

“ಬಿಡಸಾಕ ಹೊಂಟಾಕಿ ನೀನೇ ಅಲ್ಲೇನು?” ಎಂದು ಶಿವದೇವಿ ನಕ್ಕಳು.

ಪಾಲಕರೇ, “ಟೀಚರಿಗೆ ನಾನು ಬೇಡ” ಎಂದು ನಿಮ್ಮ ಮಗು ಅಂದರೆ ಬೈಯಬೇಡಿ, ಶಾಲೆ ಬಿಡಿಸಬೇಡಿ. ಭಾಷೆ ಬಾರದಿದ್ದರೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ ಮಾತಾಡಿ. ಶಿಕ್ಷಕರೇ, ನೀವು ಯಾರನ್ನು ನೋಡಿ ನಗುತ್ತೀರಿ, ಯಾರನ್ನು ದಾಟಿ ಹೋಗುತ್ತೀರಿ ಎಂಬುದನ್ನು ಇಡೀ ತರಗತಿ ನೋಡುತ್ತಿರುತ್ತದೆ. ನಿಮ್ಮ ತರಗತಿಯಲ್ಲಿ ಸುಮ್ಮನೆ ಕುಳಿತಿರುವ ಆ ಮಗುವನ್ನು ಇವತ್ತೇ ಹೆಸರು ಹಿಡಿದು ಕರೆಯಿರಿ.