ಮದುಮಗಳಿಗೊಂದು ಚಿಕ್ಕ ಸ್ಟ್ಯಾಂಪು

೧೯೭೭ರ ಏಪ್ರಿಲ್. ಇಂಗ್ಲೆಂಡಿನ ಸ್ಟೋಕ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪುಗಳ ಅಂಚಿಗೆ ಚಿನ್ನದ ಗೆರೆ ಬಳಿಯುತ್ತಿದ್ದ ನೊರೀನಳಿಗೆ ಮರುದಿನ ಮದುವೆ. ಪದ್ಧತಿಯಂತೆ ಜೊತೆಯ ಹೆಂಗಸರು ಹಳೇ ಪರದೆಯ ಮುಸುಕು ಹೊದಿಸಿ, ಕಾಗದದ ಹೂ ಕಟ್ಟಿ, ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿ, ತಗಡು ಬಡಿಯುತ್ತ ಅಂಗಳವೆಲ್ಲ ಮೆರೆಸಿದರು. ಮೆರವಣಿಗೆ ನಿಂತದ್ದು ಸಂಬಳದ ಕಿಟಕಿಯ ಮುಂದೆ. ಅದೂ ಪದ್ಧತಿಯೇ. ಮದುಮಗಳು ಗಾಡಿಯಿಂದ ಇಳಿಯದೆ ಚಿಕ್ಕ ಸ್ಟ್ಯಾಂಪಿನ ಅರ್ಜಿಗೆ ಸಹಿ ಹಾಕಬೇಕು.

ಸರ್ಕಾರದ ವಿಮೆಗೆಂದು ವಾರವಾರವೂ ಸಂಬಳದಲ್ಲಿ ಹಿಡಿಯುವ ಹಣಕ್ಕೆ ಎಲ್ಲರೂ ಸ್ಟ್ಯಾಂಪು ಎನ್ನುತ್ತಿದ್ದರು. ಮದುವೆಯಾದವಳು ಬೇಕಾದರೆ ಚಿಕ್ಕದನ್ನು ಕಟ್ಟಿ ಉಳಿದದ್ದನ್ನು ಕೈಗೆ ತೆಗೆದುಕೊಳ್ಳಬಹುದು. ಬೇಡವೆಂದವಳನ್ನು ಆ ಕಾರ್ಖಾನೆ ಕಂಡಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗುಮಾಸ್ತ ಪೆನ್ನು ಚಾಚಿಕೊಂಡೇ ಕುಳಿತಿದ್ದ.

ನೊರೀನಳಿಗೋ ಚಿಕ್ಕಂದಿನಿಂದ ಒಂದು ಚಾಳಿ, ಪ್ರಶ್ನೆ ಕೇಳುವುದು.

"ಕಮ್ಮಿ ಕಟ್ಟಿದ್ರೆ ಏನು ಕಮ್ಮಿ ಆಗತ್ತೆ?"

"ನಿನ್ನ ಬಾಯಿ ಕಮ್ಮಿ ಆಗತ್ತೆ. ಸಹಿ ಹಾಕೇ, ಟೀ ಆರೋಗ್ತಿದೆ," ಎಂದಳು ಹಿಂದಿನಿಂದ ಒಬ್ಬಳು.

"ನಿನಗೆ ಅಂತ ಬೇರೆ ಪಿಂಚಣಿ ಇರಲ್ಲ," ಎಂದ ಗುಮಾಸ್ತ. "ಗಂಡನ ಸ್ಟ್ಯಾಂಪಿನ ಮೇಲೆ ಬರತ್ತಲ್ಲಮ್ಮ."

"ಯಾವಾಗ?"

ಅವನು ತಲೆ ಕೆರೆದುಕೊಂಡ. "ಹೆಂಗಸರಿಗೆ ಅರವತ್ತಕ್ಕಲ್ವೇನೇ," ಎಂದಳು ಇನ್ನೊಬ್ಬಳು.

ನೊರೀನ್ ಗಾಡಿ ತಳ್ಳುತ್ತಿದ್ದ ಹೆಟ್ಟಿಯ ಕಡೆ ತಿರುಗಿದಳು. ಹೆಟ್ಟಿಗೆ ಅರವತ್ತು ದಾಟಿ ಎಷ್ಟೋ ಕಾಲವಾಗಿತ್ತು. ಓರಗೆಯವರೆಲ್ಲ ಮನೆಯಲ್ಲಿ ಕಾಲು ಚಾಚಿ ಕುಳಿತಿದ್ದರೂ ಇವಳು ಗೇಟು ತೆರೆಯುವ ಮೊದಲೇ ಹಾಜರು. ಕೆಲಸದ ಹುಚ್ಚು ಎಂದು ಎಲ್ಲರೂ ತಿಳಿದಿದ್ದರು.

"ಹೆಟ್ಟಿಯಕ್ಕ, ನೀವ್ಯಾಕೆ ಇನ್ನೂ ಕೆಲ್ಸಕ್ಕೆ ಬರ್ತೀರಿ?"

"ನನ್ನ ಗಂಡ ಇನ್ನೂ ಮುದುಕ ಆಗಿಲ್ಲ ಕಣೇ."

ಎಲ್ಲರೂ ಘೊಳ್ಳನೆ ನಕ್ಕರು. ಹೆಟ್ಟಿ ನಗಲಿಲ್ಲ. "ನಾನೂ ಚಿಕ್ಕದನ್ನೇ ಕಟ್ಟಿದ್ದು. ಅವನು ಅರವತ್ತೈದಾಗಿ ಪಿಂಚಣಿ ತಗೊಂಡ ಮೇಲೇನೇ ನನಗೆ ಕೊಡೋದು. ಚೆಂದದ ಹುಡುಗ ಅಂತ ಒಂಬತ್ತು ವರ್ಷ ಚಿಕ್ಕೋನ್ನ ಕಟ್ಕೊಂಡೆ. ಈಗ ಅವನ ತಲೇಲಿ ಒಂದು ಬಿಳಿ ಕೂದ್ಲು ಕಂಡ್ರೂ ನನಗೆ ಹಬ್ಬ."

"ಯಾರಿಗೂ ಹೇಳ್ಲೇ ಇಲ್ವಲ್ಲಕ್ಕ?"

"ನಾಚಿಕೆ ಆಗ್ತಿತ್ತು. ಎಷ್ಟು ಹುಡುಗೀರನ್ನ ಈ ಕಿಟಕಿಗೆ ನಾನೇ ತಳ್ಕೊಂಡು ಬಂದೆ." ಅವಳ ಕಣ್ಣು ತುಂಬಿತ್ತು. "ನಿನ್ನ ಕ್ಲೈವ್‌ಗೆ ಎಷ್ಟು ವಯಸ್ಸು?"

"ನನಗಿಂತ ನಾಲ್ಕು ವರ್ಷ ಚಿಕ್ಕೋನು," ಎಂದಳು ನೊರೀನ್. ಅವಳಿಗೂ ಆಗ ನಗು ಬರಲಿಲ್ಲ.

ಗುಮಾಸ್ತ ಅರ್ಜಿಯನ್ನು ಇನ್ನಷ್ಟು ಮುಂದೆ ತಳ್ಳಿದ. "ಸುಮ್ನೆ ಕೈಗೆ ಬರೋದು ಕಮ್ಮಿ ಆಗತ್ತಮ್ಮ. ಗಂಡ ದುಡಿಯಲ್ವಾ?"

"ದುಡೀತಾನೆ. ಅವನ ಮುಪ್ಪಿಗೆ ಅವನು ದುಡ್ಕೊಳ್ಲಿ, ನನ್ನ ಮುಪ್ಪಿಗೆ ನಾನು ದುಡ್ಕೋತೀನಿ."

ಅವಳು ಗುಮಾಸ್ತ ಚಾಚಿದ್ದ ಪೆನ್ನನ್ನು ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹೆಟ್ಟಿ ಗಾಡಿ ತಿರುಗಿಸಿದಳು. ಸಹಿ ಹಾಕದ ಮದುಮಗಳನ್ನು ಆ ಕಿಟಕಿಯಿಂದ ಅವಳು ತಳ್ಳಿಕೊಂಡು ಹೊರಟದ್ದು ಅದೇ ಮೊದಲು.