ಕೆಂಪಣ್ಣ ಹತ್ತಿದ ಇರೋಡೆ ಗಾಡಿ

ಕೆಂಪಣ್ಣನವರು ಮೂರು ತಿಂಗಳಿನಿಂದ ಕಣ್ಣಿನ ಆಸ್ಪತ್ರೆಗೆ ಹೋಗಿರಲಿಲ್ಲ.

ಅವರ ಊರು ಪಾಂಡವಪುರ ರೈಲು ನಿಲ್ದಾಣದ ಪಕ್ಕದ ಹಳ್ಳಿ. ಆಸ್ಪತ್ರೆ ಇರುವುದು ಮೈಸೂರಿನಲ್ಲಿ. ಅವರಿಗೆ ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ. ಎದುರಿಗೆ ಯಾರಾದರೂ ಬಂದು ನಿಂತರೆ ಆಳು ಬಂದದ್ದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಬೋರ್ಡು ಓದುವ ಮಾತೇ ಇಲ್ಲ. "ತಿಂಗಳಿಗೊಮ್ಮೆ ಬಂದು ಒತ್ತಡ ನೋಡಿಸಿಕೊಳ್ಳಿ. ಅದನ್ನು ನೋಡಿಯೇ ಕಣ್ಣಿನ ಔಷಧಿ ಬದಲಿಸಬೇಕು. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದಿರುವುದನ್ನು ಉಳಿಸಿಕೊಳ್ಳಬಹುದು ಅಷ್ಟೇ" ಎಂದು ಡಾಕ್ಟರು ಹೇಳಿದ್ದರು.

ಜೊತೆಗೆ ಹೋಗುವವರು ಯಾರು? ಮಗ ಲೋಕೇಶ್ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕಬ್ಬು ಅರೆಯುವ ಕಾಲದಲ್ಲಿ ರಜೆ ಸಿಗುತ್ತಿರಲಿಲ್ಲ. ಹೆಂಡತಿ ಜಯಲಕ್ಷ್ಮಮ್ಮ ಎರಡು ಹೊತ್ತೂ ಹಸು ಕರೆದು ಡೈರಿಗೆ ಹಾಲು ಹಾಕಬೇಕು. ಹಾಗಾಗಿ ಒಂದು ಸಲ ಕೆಂಪಣ್ಣನವರು ಧೈರ್ಯ ಮಾಡಿ ಒಬ್ಬರೇ ಹೋದರು. ಆಸ್ಪತ್ರೆಯ ಕೆಲಸ ಸುಸೂತ್ರವಾಗಿ ಮುಗಿಯಿತು. ವಾಪಸು ಬರುವಾಗ ಹತ್ತಿದ ಗಾಡಿ ಮಾತ್ರ ಅವರ ಊರಿನಲ್ಲಿ ನಿಲ್ಲದೆ ಓಡಿಹೋಯಿತು. ಬೆಂಗಳೂರಿನಲ್ಲಿ ಯಾರೋ ಕೈಹಿಡಿದು ಇಳಿಸಿದರು. ಮನೆ ಸೇರಿದ್ದು ಮಾರನೆಯ ದಿನ.

ಅಂದಿನಿಂದ ಮನೆಯವರು ಅವರನ್ನು ಒಬ್ಬರೇ ಕಳಿಸುವುದನ್ನು ನಿಲ್ಲಿಸಿದರು. ಪಕ್ಕದ ಮನೆಯ ಚಲುವಯ್ಯನಂತೂ ಜಗಲಿಯ ಮೇಲೆ ಕೂತು ಕೆಣಕುತ್ತಿದ್ದ.

"ಏನ್ಲಾ ಕೆಂಪಣ್ಣ, ಕಣ್ಣು ತೋರ್ಸಾಕೆ ಓದೋನು ಬೆಂಗ್ಳೂರ್ ನೋಡ್ಕಂಡು ಬಂದ್ಯಂತೆ? ವಿಧಾನಸೌಧ ಚೆನ್ನಾಗದಾ?"

"ಸುಮ್ನಿರ್ಲಾ. ನಂದೇನೂ ತಪ್ಪಿಲ್ಲ. ಆ ಮೈಕ್‌ನೋಳು ಸುಳ್ಳು ಕೂಗುದ್ಲು" ಎನ್ನುತ್ತಿದ್ದರು ಕೆಂಪಣ್ಣ.

ಮೈಸೂರಿನ ನಿಲ್ದಾಣದಲ್ಲಿ ಆಗ ಗಾಡಿಗಳ ವಿವರವನ್ನು ಯಂತ್ರವೇ ಹೇಳತೊಡಗಿತ್ತು. ಕೆಂಪಣ್ಣನವರ ಸಿಟ್ಟೆಲ್ಲ ಆ ದನಿಯ ಮೇಲೆ.

ಒಂದು ಸಂಜೆ ಹಾಲಿಗೆಂದು ಶಾರದ ಬಂದರು. ಅವರು ಮೇಲುಕೋಟೆಯವರು, ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದರು. ದಿನಾ ಅವರ ಚೊಂಬನ್ನು ಕೆಂಪಣ್ಣನವರೇ ಕೈನೀಡಿ ತೆಗೆದುಕೊಳ್ಳುತ್ತಿದ್ದರು. ಅಂದು ಅವರ ಕೈ ಚೊಂಬಿನ ಪಕ್ಕದಲ್ಲೇ ಗಾಳಿಯಲ್ಲಿ ತಡಕಾಡಿತು.

ಶಾರದ ಚೊಂಬನ್ನು ಅವರ ಕೈಗೆ ಮುಟ್ಟಿಸಿ ಕೇಳಿದರು. "ಕೆಂಪಣ್ಣನವರೇ, ಆಸ್ಪತ್ರೆಗೆ ಹೋಗ್ತಾ ಇದ್ದೀರಾ?"

ಜಯಲಕ್ಷ್ಮಮ್ಮ ಒಳಗಿನಿಂದಲೇ ಹೇಳಿದರು. "ಎಲ್ಲಿಗೋಯ್ತಾರೆ ಟೀಚರಮ್ಮ? ಇವರನ್ನ ಒಬ್ರನ್ನೇ ಕಳ್ಸುದ್ರೆ ಯಾವ ದೇಸಕ್ಕೆ ಓಯ್ತಾರೋ ಏನೋ. ವಯಸ್ಸಾಯ್ತು, ತಲೆ ನಿಲ್ಲಾಕಿಲ್ಲ."

"ತಲೆ ನೆಟ್ಟಗದೆ ಕಣೆ" ಎಂದರು ಕೆಂಪಣ್ಣ. "ಟೀಚರಮ್ಮ, ನೀವೇ ಏಳಿ. ಪಕ್ಕದಲ್ಲಿ ಕುಂತಿದ್ದೋರ್ನ ಇರೋಡೆ ಗಾಡಿ ಯಾವ್ದು ಸಾಮಿ ಅಂದೆ. ಕೂಗ್ದಾಗ ಏಳ್ತೀನಿ ಅಂದ್ರು. ಒಸಿ ಒತ್ತಾದ್ಮೇಲೆ ಮೈಕ್‌ನೋಳು ಕೂಗುದ್ಲು. ಇರೋಡೆ ಅಂದಿದ್ದು ನನ್ ಕಿವಿಗೇ ಬಿತ್ತು. ಆ ಪುಣ್ಯಾತ್ಮನೂ ಇದೇ ನಿಮ್ ಗಾಡಿ ಅಂತ ಕೈ ಇಡಿದು ಅತ್ತಿಸ್ದ. ಇಬ್ರೂ ಸೇರಿ ಸುಳ್ಳೇಳುದ್ರೆ ನಾನೇನ್ ಮಾಡ್ಲಿ?"

ಶಾರದ ಜಗಲಿಯ ಮೇಲೆ ಕೂತರು. "ಅದು ಏನಂತ ಕೂಗ್ತು? ನೆನಪಿದ್ದಷ್ಟು ಹಾಗೇ ಹೇಳಿ."

ಕೆಂಪಣ್ಣನವರಿಗೆ ಕಿವಿಯ ನೆನಪು ಚೆನ್ನಾಗಿತ್ತು. ಆ ದನಿಯ ಹಾಗೆಯೇ ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. "ಬೆಂಗಳೂರು... ಸೇಲಂ... ಈರೋಡ್... ಮಾರ್ಗವಾಗಿ ಹೋಗುವ... ಎಕ್ಸ್‌ಪ್ರೆಸ್..."

ಶಾರದ ನಕ್ಕರು. "ಅಲ್ಲಿ ಯಾರೂ ಸುಳ್ಳು ಹೇಳಿಲ್ಲ. ನಿಮ್ಮ ತಲೆಯೂ ಸರಿಯಾಗೇ ಇದೆ. ನೀವು ನಮ್ಮ ಪಾಂಡವಪುರಕ್ಕೆ ಹಿರೋಡೆ ಅಂತೀರಿ."

"ಮತ್ತಿನ್ನೇನಂತಾರೆ? ನಮ್ಮಪ್ಪನ ಕಾಲ್ದಿಂದ ಇರೋಡೆನೇ."

"ಅದು ಹೇಳಿದ್ದು ಈರೋಡು. ತಮಿಳುನಾಡಿನ ಊರು. ಪಕ್ಕದವರೂ ನಿಮ್ಮನ್ನ ತಮಿಳುನಾಡಿಗೆ ಹೋಗೋರು ಅಂದುಕೊಂಡಿದ್ದಾರೆ. ಹಿರೋಡೆ ಅನ್ನೋ ಹೆಸರು ಹಳೆಯ ಜನರ ಬಾಯಲ್ಲಿದೆ. ರೈಲಿನವರ ಪುಸ್ತಕದಲ್ಲಿ ಇಲ್ಲ."

ಜಯಲಕ್ಷ್ಮಮ್ಮ ಹಾಲಿನ ಪಾತ್ರೆ ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕೆಂಪಣ್ಣನವರಿಗೆ ನಗು ಬರಲಿಲ್ಲ. ಅವರು ಮೆಲ್ಲಗೆ ಕೇಳಿದರು. "ಅಂಗಾದ್ರೆ ನಂಗೆ ಬುದ್ಧಿ ಕೆಟ್ಟಿಲ್ಲ?"

"ಇಲ್ಲ. ಒಂದು ಹೆಸರು ಕೈಕೊಟ್ಟಿತು, ಅಷ್ಟೇ."

ಆಮೇಲೆ ಶಾರದ ಆ ಯಂತ್ರದ ವಿಷಯ ತಿಳಿಸಿದರು. ಒಬ್ಬ ಹೆಣ್ಣುಮಗಳು ಮೊದಲೇ ಊರಿನ ಹೆಸರುಗಳನ್ನು, ಒಂದು ಎರಡು ಮೂರು ಎಂಬ ಅಂಕಿಗಳನ್ನು, ‘ಹೊರಡಲಿದೆ’, ‘ತಡವಾಗಿ ಬರಲಿದೆ’ ಎಂಬ ಮಾತುಗಳನ್ನು ಬಿಡಿಬಿಡಿಯಾಗಿ ಹೇಳಿಟ್ಟಿರುತ್ತಾಳೆ. ಯಾವ ಗಾಡಿ, ಯಾವ ಪ್ಲಾಟ್‌ಫಾರಂ ಎಂದು ನಿಲ್ದಾಣದವರು ತಿಳಿಸಿದರೆ, ಯಂತ್ರವು ಬೇಕಾದ ಮಾತುಗಳನ್ನು ಆರಿಸಿ ಹೂವು ಕಟ್ಟಿದ ಹಾಗೆ ಜೋಡಿಸುತ್ತದೆ.

"ಅಂದ್ರೆ ಆ ಯಮ್ಮ ಅಲ್ಲಿ ಕುಂತಿರಾಕಿಲ್ವಾ?" ಎಂದರು ಕೆಂಪಣ್ಣ. "ನಾನು ಅವತ್ತು ಇನ್ನೊಂದ್ಸತಿ ಏಳವ್ವಾ ಅಂತ ಜೋರಾಗಿ ಕೇಳ್ಬುಟ್ಟಿದ್ದೆ."

"ಅದಕ್ಕೆ ಕೇಳಿಸಲ್ಲ. ಆದರೆ ಕೇಳದೇ ಇದ್ದರೂ ಇನ್ನೊಂದು ಸಲ ಹೇಳುತ್ತಲ್ಲ? ನಾವು ಹತ್ತು ಸಲ ಕೇಳಿದರೆ ಮನುಷ್ಯರಿಗೆ ರೇಗುತ್ತೆ. ಅದಕ್ಕೆ ರೇಗೋದಿಲ್ಲ, ಗಂಟಲು ಕಟ್ಟೋದಿಲ್ಲ. ಸೂಟು ಹಾಕಿದವರಿಗೂ ನಿಮಗೂ ಒಂದೇ ಮಾತು, ಒಂದೇ ದನಿ. ಕಣ್ಣಿಗೆ ಕಾಣದವರಿಗೆ, ಓದು ಬಾರದವರಿಗೆ ಇದಕ್ಕಿಂತ ಒಳ್ಳೆಯ ಬೋರ್ಡು ಬೇಕಾ? ಓದೋ ರೀತಿ ಕಲಿಯೋ ಹಾಗೆ ಕೇಳೋ ರೀತಿನೂ ಒಂದಿಷ್ಟು ಕಲೀಬೇಕು."

ಕೇಳುವ ರೀತಿ ಹೀಗಿತ್ತು. ಗಾಡಿಗೆ ಅದು ಕೊನೆಗೆ ಮುಟ್ಟುವ ಊರಿನ ಹೆಸರಿರುತ್ತದೆ. ಹಾಗಾಗಿ ಪಾಂಡವಪುರ ಎಂದು ಕೂಗಲೆಂದು ಕಾಯಬಾರದು. ಅದು ಬೆಂಗಳೂರಿಗೆ ಹೋಗುವ ದಾರಿಯಲ್ಲಿರುವ ಊರು. ಆದರೆ ಬೆಂಗಳೂರು ಎಂದು ಕೇಳಿದರೂ ಸಾಲದು, ಅದರ ಜೊತೆ ಪ್ಯಾಸೆಂಜರ್ ಎಂದೂ ಕೇಳಬೇಕು. ಎಲ್ಲ ಊರಿನಲ್ಲೂ ನಿಲ್ಲುವುದು ಅದೇ. ಆಮೇಲೆ ಪ್ಲಾಟ್‌ಫಾರಂ ಎಷ್ಟನೆಯದು ಎಂದು ಕೇಳಿಸಿಕೊಳ್ಳಬೇಕು. ಒಂದು ಸಲ ಕೂಗಿದ್ದನ್ನೇ ನಂಬಿ ಏಳದೆ, ಎರಡನೆಯ ಸಲ ಕೊನೆಯವರೆಗೆ ಕೇಳಬೇಕು.

"ಇವರು ಕೇಳ್ತಾರೆ, ಸರಿ. ಅಲ್ಲಿ ತಪ್ಪಿದ್ರೆ ಯಾರು ಒಣೆ?" ಎಂದರು ಜಯಲಕ್ಷ್ಮಮ್ಮ.

"ಒಂದು ಸಲ ನೀವು ಜೊತೆಗೆ ಹೋಗಿ. ಬಾಯಿ ಬಿಡಬೇಡಿ. ಅವರೇ ದಾರಿ ಹೇಳಲಿ" ಎಂದರು ಶಾರದ.

ಆ ವಾರವೇ ಇಬ್ಬರೂ ಹೊರಟರು. ಸಂಜೆಯ ಹಾಲು ಕರೆಯಲು ಪಕ್ಕದ ಮನೆಯ ಮಾದಮ್ಮ ಒಪ್ಪಿಕೊಂಡಳು. ಆಸ್ಪತ್ರೆಯಲ್ಲಿ ಡಾಕ್ಟರು ಒತ್ತಡ ನೋಡಿ ಮುಖ ಗಂಟಿಕ್ಕಿದರು. ಅದು ತುಂಬ ಏರಿತ್ತು. ಔಷಧಿ ಬದಲಿಸಿ ಹೇಳಿದರು. "ಇನ್ನಷ್ಟು ದಿನ ಬಿಟ್ಟಿದ್ದರೆ ಈಗ ಕಾಣುತ್ತಿರುವುದೂ ಹೋಗುತ್ತಿತ್ತು. ಮುಂದಿನ ತಿಂಗಳು ತಪ್ಪಿಸಬೇಡಿ." ಜಯಲಕ್ಷ್ಮಮ್ಮ ಹೊಸ ಔಷಧಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಯೋಚಿಸಿದರು. ಇನ್ನು ಪ್ರತಿ ತಿಂಗಳೂ ಬರಲೇಬೇಕು. ಆದರೆ ಪ್ರತಿ ತಿಂಗಳೂ ಕರೆತರಲು ಮನೆಯಲ್ಲಿ ಯಾರಿದ್ದಾರೆ?

ಇಬ್ಬರೂ ರೈಲು ನಿಲ್ದಾಣಕ್ಕೆ ಬಂದಾಗ ಮೊದಲನೆಯ ಪ್ಲಾಟ್‌ಫಾರಂನಲ್ಲಿ ಒಂದು ಗಾಡಿ ನಿಂತಿತ್ತು. ಜನ ನುಗ್ಗಿ ಹತ್ತುತ್ತಿದ್ದರು. ಡಬ್ಬಿಯ ಮೇಲಿನ ಬೋರ್ಡನ್ನು ಜಯಲಕ್ಷ್ಮಮ್ಮ ಅಕ್ಷರ ಕೂಡಿಸಿ ಓದಿದರು. ಮೈಸೂರು, ಬೆಂಗಳೂರು. ಬಾಯಿ ಬಿಡಬಾರದೆಂಬುದು ಮರೆತೇಹೋಯಿತು.

"ಏಳಿ, ಏಳಿ. ಬೆಂಗ್ಳೂರ್ ಗಾಡಿ ನಿಂತದೆ. ಜಾಗ ಓಯ್ತದೆ."

"ತಾಳು. ಅದು ಕೂಗ್ತಾ ಅದೆ."

"ನಾನೇ ಕಣ್ಣಾರೆ ಓದ್ದೆ ಅಂತೀನಿ."

"ನೀನು ಊರೆಸ್ರು ಓದ್ದೆ. ನಾನು ಮಿಕ್ಕಿದ್ದು ಕೇಳ್ತಾವ್ನಿ. ಒಸಿ ಸುಮ್ಕಿರು."

ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿ ಮುಗಿಸಿ ಆ ದನಿ ಮತ್ತೆ ಕನ್ನಡಕ್ಕೆ ಬಂತು. ಮೊದಲನೆಯ ಪ್ಲಾಟ್‌ಫಾರಂನಲ್ಲಿ ನಿಂತಿರುವುದು ಬೆಂಗಳೂರು ಎಕ್ಸ್‌ಪ್ರೆಸ್. ಬೆಂಗಳೂರು ಪ್ಯಾಸೆಂಜರ್ ಮೂರನೆಯ ಪ್ಲಾಟ್‌ಫಾರಂನಿಂದ ಹೊರಡಲಿದೆ. ಕೆಂಪಣ್ಣನವರು ಎರಡೂ ಮಾತನ್ನು ಕೊನೆಯವರೆಗೆ ಕೇಳಿ ಎದ್ದು ನಿಂತರು. ಪಕ್ಕದಲ್ಲಿ ಹೋಗುತ್ತಿದ್ದವರೊಬ್ಬರನ್ನು ಕೇಳಿದರು.

"ಸಾಮಿ, ಮೂರ್ನೇ ಪ್ಲಾಟ್‌ಫಾರಮ್ಮು ಯಾವ್ ಕಡೆ?"

ಅದು ಯಾರು ಬೇಕಾದರೂ ತಪ್ಪಿಲ್ಲದೆ ಉತ್ತರಿಸಬಹುದಾದ ಪ್ರಶ್ನೆಯಾಗಿತ್ತು. ಆತ ಮೇಲುಸೇತುವೆಯ ಮೆಟ್ಟಿಲವರೆಗೆ ಬಂದು ತೋರಿಸಿದರು. ಇವರು ಮೂರನೆಯ ಪ್ಲಾಟ್‌ಫಾರಂ ತಲುಪುವ ವೇಳೆಗೆ ಎಕ್ಸ್‌ಪ್ರೆಸ್ ಗಾಡಿ ಹೊರಟಿತು. ಜಯಲಕ್ಷ್ಮಮ್ಮ ಅದು ಹೋಗುವುದನ್ನೇ ನೋಡುತ್ತಾ ನಿಂತರು. ತಾನು ಹತ್ತಿಸಿದ್ದರೆ ಈಗ ಇಬ್ಬರೂ ಅದರಲ್ಲಿರುತ್ತಿದ್ದರು.

"ಇನ್ನು ನಮ್ಮೂರು ಬಂದದ್ದು ಎಂಗೆ ಗೊತ್ತಾಯ್ತದೆ?" ಎಂದು ಪ್ಯಾಸೆಂಜರ್‌ನಲ್ಲಿ ಕೂತ ಮೇಲೆ ಕೇಳಿದರು. ಅದು ಪರೀಕ್ಷೆಯ ಕೊನೆಯ ಪ್ರಶ್ನೆ.

"ಸೇತ್ವೆ ಸದ್ದು ಇಲ್ವಾ? ಒಂದ್ಸತಿ ಕಾವೇರಿ ದಾಟುದ್ರೆ ಶ್ರೀರಂಗಪಟ್ಣ. ಇನ್ನೊಂದ್ಸತಿ ದಾಟುದ್ರೆ ಮುಂದೆ ನಮ್ದೇ."

ಮನೆಗೆ ಬಂದಾಗ ಲೋಕೇಶ್ ಬಾಗಿಲಲ್ಲೇ ಇದ್ದ. "ಏನವ್ವಾ, ಅಪ್ಪ ದಾರಿ ತಪ್ಪಿಸ್ಲಿಲ್ವಾ?"

"ನಾನು ತಪ್ಪಿಸ್ತಿದ್ದೆ, ನಿಮ್ಮಪ್ಪ ಬುಡ್ನಿಲ್ಲ" ಎಂದರು ಜಯಲಕ್ಷ್ಮಮ್ಮ. "ಬರೋ ತಿಂಗ್ಳು ಒಬ್ರೇ ಓಯ್ತಾರೆ. ಬುತ್ತಿ ಕಟ್ಕೊಟ್ರೆ ಸಾಕು."

ಅಂದಿನಿಂದ ಕೆಂಪಣ್ಣನವರು ಒಂದು ತಿಂಗಳೂ ಆಸ್ಪತ್ರೆ ತಪ್ಪಿಸಿಲ್ಲ. ಒತ್ತಡ ಹತೋಟಿಯಲ್ಲಿದೆ, ಉಳಿದಿದ್ದ ಬೆಳಕು ಉಳಿದಿದೆ.

ಬಂಧುಗಳೇ, ನಿಮ್ಮ ಮನೆಯಲ್ಲೂ ಬೋರ್ಡು ಕಾಣದೆ, ಓದು ಬಾರದೆ ಪ್ರಯಾಣಕ್ಕೆ ಹೆದರಿ ಕೂತ ಹಿರಿಯರಿರಬಹುದು. ಅವರು ಹೋಗುವ ಊರಿಗೂ ಹತ್ತುವ ಗಾಡಿಗೂ ರೈಲಿನವರು ಇಟ್ಟಿರುವ ಹೆಸರನ್ನು ಅವರಿಗೆ ಹೇಳಿಕೊಡಿ. ಪ್ರಕಟಣೆಯನ್ನು ಎರಡು ಸಲ, ಕೊನೆಯ ಮಾತಿನವರೆಗೆ ಕೇಳಲು ತಿಳಿಸಿ. ಮೊದಲ ಸಲ ಜೊತೆಗೆ ಹೋಗಿ, ಆದರೆ ದಾರಿ ಅವರೇ ಹುಡುಕಲಿ. ನೀವೇ ನಿಲ್ದಾಣದಲ್ಲಿದ್ದಾಗ ಆ ದನಿ ಕೇಳಿಬಂದರೆ ಮಾತು ಸ್ವಲ್ಪ ನಿಲ್ಲಿಸಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತವರು ಅದನ್ನು ನಂಬಿಕೊಂಡೇ ಒಬ್ಬರೇ ಮನೆಯಿಂದ ಹೊರಟಿರಬಹುದು.