ಕೊಬ್ಬು ಸವರಿದ ಗಾನತಟ್ಟೆ

ಬರ್ಚಿನ್ ಎಂಬ ಹುಡುಗಿ ಬಟ್ಟೆಯ ಗಂಟು ಬಿಚ್ಚಿ ಗಾನತಟ್ಟೆಯನ್ನು ಮೇಜಿನ ಮೇಲಿಟ್ಟಾಗ ಖೋಸಿಯತ್ ಮೊದಲು ಕಂಡದ್ದು ಅದರ ನಡುವಿನ ಬಿಳಿ ಚೀಟಿಯನ್ನು. ಅಂಗಡಿಗಳಲ್ಲಿ ಮಾರಾಟವಾದ ತಟ್ಟೆಗಳಿಗೆ ಕೆಂಪು ಚೀಟಿ ಇರುತ್ತಿತ್ತು. ಬಿಳಿ ಚೀಟಿ ಅಂಟಿಸಿದ್ದು ಮೊದಲು ಪರೀಕ್ಷೆಗೆಂದು ಒತ್ತಿದ ನಾಲ್ಕಾರು ತಟ್ಟೆಗಳಿಗೆ ಮಾತ್ರ. ಅವನ್ನೆಲ್ಲ ಒಡೆದು ಹಾಕಿದ್ದೇವೆಂದು ಆ ಕಾಲದಲ್ಲೇ ಅವಳಿಗೆ ಹೇಳಿದ್ದರು. ಚೀಟಿಯ ಮೇಲೆ ಟೈಪು ಮಾಡಿದ ಹೆಸರು ಇನ್ನೂ ಮಾಸಿರಲಿಲ್ಲ: ಸನೋಬರ್ ಅಹ್ರೋರೋವಾ.

"ಯಾರದಮ್ಮಾ ಇದು?" ಎಂದು ಕೇಳಿದಳು, ಏನೂ ಗೊತ್ತಿಲ್ಲದವಳಂತೆ.

"ನಮ್ಮತ್ತೇದು ಖೋಲಾ. ಸನೋಬರ್ ಒಪಾ, ಸನೋಬರಕ್ಕ ಅಂದ್ರೆ ನಿಮಗೂ ಗೊತ್ತಿರ್ಬೇಕಲ್ಲ, ದೊಡ್ಡ ಹಾಡುಗಾರ್ತಿ. ಪೆಟ್ಟಿಗೆ ತಳದಲ್ಲಿ ಬಚ್ಚಿಟ್ಟಿದ್ರು. ನೋಡಿ ಹೆಂಗಾಗಿದೆ, ಒಳ್ಳೆ ಒಲೆ ಮೇಲಿನ ಬಾಂಡ್ಲಿ ಥರ. ಬರೋ ವಾರ ಅವರಿಗೆ ಎಂಬತ್ತು ತುಂಬುತ್ತೆ. ಫಳಫಳ ತೊಳೆಸಿ ಬಂದೋರ ಮುಂದೆ ಹಾಕ್ಬಿಡೋಣ ಅಂತ. ಅವರಿಗೆ ಹೇಳಿಲ್ಲ."

"ಬೈದ್ರೆ?"

"ಬೈಯೋದೇನು ಹೊಸದಾ? ನಾನು ಹೊತ್ತು ಮೂಡೋ ಮುಂಚೆ ಎದ್ದು ಅಂಗಳ ಗುಡಿಸಿದ್ರೆ, ಅವರು ಅದನ್ನೇ ಇನ್ನೊಂದ್ಸಲ ಗುಡಿಸ್ತಾರೆ, ಬೀದಿಯೋರಿಗೆಲ್ಲ ಕಾಣೋ ಹಾಗೆ. ಇದನ್ನಾದ್ರೂ ನೋಡಿ 'ಸೊಸೆ ಕೈ ಶುದ್ಧ' ಅನ್ಲಿ ಒಂದ್ಸಲ."

ಖೋಸಿಯತ್ ನಕ್ಕಳು. "ಬಿಟ್ಟು ಹೋಗು ಮಗಳೇ. ಕನ್ನಡಿ ಮಾಡಿ ಕೊಡ್ತೀನಿ."

ಬರ್ಚಿನ್ ಅವಳ ಹೆಸರು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ತಾಷ್ಕೆಂಟಿನಲ್ಲಿ ಹಳೆಯ ಹಾಡುಗಳ ಹುಚ್ಚಿರುವವರಿಗೆಲ್ಲ ಅವಳು 'ತಟ್ಟೆ ಖೋಲಾ', ತಟ್ಟೆ ತೊಳೆಯುವ ಚಿಕ್ಕಮ್ಮ, ಅಷ್ಟೆ. ತಂಗಿಯ ಮಗ ಎರ್ಗಶ್ ಲಾರಿ ಎಂಜಿನ್‌ಗಳ ಮೆಕ್ಯಾನಿಕ್ಕು. ಕಿವಿಗೆ ಕೇಳದ ಶಬ್ದದಿಂದ ನೀರನ್ನು ನಡುಗಿಸಿ ಕೊಳೆ ಬಿಡಿಸುವ ಉಕ್ಕಿನ ತೊಟ್ಟಿಯೊಂದು ಅವನ ಗ್ಯಾರೇಜಿನಲ್ಲಿ ಹಳೆಯದಾದಾಗ ಅವಳಿಗೆ ತಂದುಕೊಟ್ಟ. ಮಾಂಸ ಸುಡುವ ಕಂಬಿಯನ್ನು ತಿರುಗಿಸುವ ಮೋಟಾರನ್ನು ಕಿತ್ತು ಅದಕ್ಕೆ ಜೋಡಿಸಿದ. ಅರ್ಧ ಮುಳುಗಿದ ತಟ್ಟೆ ಆ ನೀರಿನಲ್ಲಿ ಮೆಲ್ಲಗೆ ತಿರುಗುತ್ತದೆ, ತೊಟ್ಟಿ ಎಣ್ಣೆಯಲ್ಲಿ ಈರುಳ್ಳಿ ಬಿದ್ದಂತೆ ಚುರುಗುಡುತ್ತದೆ. ಬಟ್ಟಿ ಇಳಿಸಿದ ನೀರು, ಚೂರು ಸ್ಪಿರಿಟ್ಟು, ಒಂದು ಹನಿ ಸೋಪು. ನೀರು ಬೆಚ್ಚಗಿರಬೇಕು, ಬಿಸಿಯಾಗಬಾರದು. ಬಿಸಿಯಾದರೆ ತಟ್ಟೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ವಯಸ್ಸಾದವಳಿಗೆ ಹೊತ್ತು ಹೋಗಬೇಕಲ್ಲ ಎಂದು ಜನ ಅಂದುಕೊಂಡಿದ್ದರು. ಹೊತ್ತು ಕಳೆಯಲು ಅವಳಿಗೆ ಬೇರೆ ದಾರಿ ಇರಲಿಲ್ಲವೇ? ಅವಳು ಕಂಡವರ ತಟ್ಟೆಗಳ ಕೊಳೆ ತೆಗೆಯುತ್ತಿದ್ದದ್ದು ಒಂದೇ ಆಸೆಯಿಂದ. ಎಂದಾದರೊಂದು ದಿನ ಬಿಳಿ ಚೀಟಿಯದೊಂದು ತಾನಾಗಿ ಕೈಗೆ ಬರಲಿ. ತಾಳಿದವನು ಬಾಳಿಯಾನು ಎನ್ನುತ್ತಾರೆ. ಖೋಸಿಯತ್ ತಾಳಿದ್ದು ಬಾಳುವುದಕ್ಕಲ್ಲ, ಸೇಡಿಗೆ.

ಆ ತಟ್ಟೆಯೊಳಗಿನ ದನಿ ಅವಳದು. ಫರ್ಗಾನಾದ ಹತ್ತಿ ಹೊಲದಿಂದ ಬಂದು ಇಲ್ಲಿನ ಗಾಯನ ತಂಡವೊಂದನ್ನು ಸೇರಿದಾಗ ಅವಳಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಧ್ವನಿಮುದ್ರಣದ ದಿನ ತಂಡದ ಮುಖ್ಯ ಗಾಯಕಿ ಸನೋಬರ್‌ಳ ಗಂಟಲು ಕಟ್ಟಿತ್ತು. "ವಾದ್ಯದವರಿಗೆ ಅಭ್ಯಾಸ ಆಗ್ಲಿ, ನೀನು ಹಾಡು. ಸನೋಬರ್ ಆಮೇಲೆ ಹಾಡ್ತಾಳೆ" ಎಂದರು ತಂಡದ ಮುಖ್ಯಸ್ಥರು. ಅವಳು ಹಾಡಿದಳು. ಹಾಡು ಏರುತ್ತ ಏರುತ್ತ ತುದಿ ಮುಟ್ಟುವ ಜಾಗಕ್ಕೆ ಇಲ್ಲಿ ಅವ್ಜ್ ಎನ್ನುತ್ತಾರೆ. ಆ ಜಾಗದಲ್ಲಿ ಕೇಳುಗರು ಹಾಡುವವರ ಹೆಸರು ಹಿಡಿದು ಕೂಗಿ ಹರಸಬೇಕು. ಸುಮ್ಮನೆ ಕೂತರೆ ಹಾಡಿದವರಿಗೆ ಅವಮಾನ. ತಂಬೂರ್ ನುಡಿಸುತ್ತಿದ್ದ ಮುದುಕ ತೊಯ್ಚಿ ಉಸ್ತಾ ಎದುರಿಗೆ ಮೈಕಿರುವುದನ್ನೂ ಮರೆತು ಕೂಗಿಬಿಟ್ಟ. "ಯಶಾ, ಖೋಸಿಯತ್!" ನೂರ್ಕಾಲ ಬಾಳು, ಖೋಸಿಯತ್.

ಸನೋಬರ್ ಆಮೇಲೆ ಹಾಡಲೇ ಇಲ್ಲ. ಅಂಥ ಹಾಡನ್ನು ಇನ್ನೊಮ್ಮೆ ಹಾಡಲು ಅವಳಿಗೆ ಎದೆ ಇರಲಿಲ್ಲ. ಉಸ್ತಾನ ಕೂಗನ್ನು ಕತ್ತರಿಸಿ ತೆಗೆದು, ಸನೋಬರ್‌ಳ ಹೆಸರಿನಲ್ಲಿ ಕೆಂಪು ಚೀಟಿಯ ತಟ್ಟೆಗಳನ್ನು ಮಾರಿದರು. ಆ ಕೂಗು ಉಳಿದದ್ದು ಮೊದಲು ಒತ್ತಿದ ಬಿಳಿ ಚೀಟಿಯವುಗಳಲ್ಲಿ ಮಾತ್ರ. ಖೋಸಿಯತ್ ಹೋಗಿ ಕೇಳಿದಾಗ ಸನೋಬರ್ ಇಡೀ ತಂಡದ ಮುಂದೆ ಹೇಳಿದ್ದಳು: "ಹೊಲದ ಹುಡುಗಿ, ನಿನ್ನ ಗಂಟಲನ್ನ ಯಾರು ನೋಡ್ತಾರೆ? ಜನ ನೋಡೋದು ನನ್ನ ಮುಖ." ಮರುದಿನದಿಂದ ಖೋಸಿಯತ್‌ಗೆ ತಂಡದ ಬಾಗಿಲು ಮುಚ್ಚಿತು. ಆ ಚಳಿಗಾಲದಲ್ಲೇ ಉಸ್ತಾ ತೀರಿಕೊಂಡ. ಉಳಿದವರಿಗೆ ಅನ್ನದ ಚಿಂತೆ, ಬಾಯಿ ಹೊಲಿದುಕೊಂಡರು. ಅವಳು ಶಿಶುವಿಹಾರದಲ್ಲಿ ಮಕ್ಕಳಿಗೆ ಮೊಲದ ಹಾಡು, ಆಮೆಯ ಹಾಡು ಹೇಳಿಕೊಡುತ್ತ ಮುದುಕಿಯಾದಳು. ಟ್ಯಾಕ್ಸಿಯಲ್ಲಿ, ರೊಟ್ಟಿ ಅಂಗಡಿಯಲ್ಲಿ, ಮದುವೆಮನೆಯಲ್ಲಿ ಎಲ್ಲೆಲ್ಲೂ ಅವಳದೇ ದನಿ, ಎಲ್ಲೆಲ್ಲೂ ಸನೋಬರ್‌ಳ ಹೆಸರು.

ಬರ್ಚಿನ್ ಹೋದ ಮೇಲೆ ಅವಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಳು. ಅಂಚಿನಲ್ಲಿ ಬರೀ ಧೂಳು. ಒಳಗಡೆ ಎರಡು ಬೆರಳಗಲದ ಪಟ್ಟಿಯಲ್ಲಿ ಮಾತ್ರ ಜಿಡ್ಡು ಗಟ್ಟಿಯಾಗಿ ಕೂತು, ಅದರ ಮೇಲೆ ವರ್ಷಗಳ ಮಸಿ ಹತ್ತಿತ್ತು. ಮೂಸಿದಳು. ಕುರಿಯ ಬಾಲದ ಕೊಬ್ಬು, ಯಾವ ಮನೆಯಲ್ಲಿ ಪಲಾವ್ ಮಾಡಿದರೂ ಕಡಾಯಿಗೆ ಮೊದಲು ಬೀಳುವುದು. ಅಡಿಗೆಮನೆಯಲ್ಲಿ ಸಿಡಿದ ಹನಿಯಾಗಿದ್ದರೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇರುತ್ತಿತ್ತು. ಇದನ್ನು ಯಾರೋ ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಗೀರುಗಳೊಳಕ್ಕೆ ತುಂಬಿದ್ದರು, ಅದೂ ಸರಿಯಾಗಿ ಅವ್ಜ್ ಬರುವ ಜಾಗದಲ್ಲಿ.

ಅವಳಿಗೆ ಎಲ್ಲ ಹೊಳೆಯಿತು. ತನ್ನ ಹೆಸರು ಅಚ್ಚಾದ ಮೊದಲ ತಟ್ಟೆಯನ್ನು ಒಡೆಯಲು ಸನೋಬರ್‌ಗೆ ಕೈ ಬಂದಿಲ್ಲ, ಯಾರಾದರೂ ಕೇಳಿಬಿಟ್ಟಾರೆಂಬ ಭಯವೂ ಬಿಟ್ಟಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಕೊಬ್ಬು ಸವರಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದಾಳೆ. ಖೋಸಿಯತ್‌ಗೆ ಸಿಟ್ಟು ಉಕ್ಕಿತು. ಇಷ್ಟು ವರ್ಷ ತನ್ನ ಹೆಸರು ಒಬ್ಬಳ ಎಂಜಲು ಕೈಯ ಜಿಡ್ಡಿನ ಕೆಳಗೆ ಬಿದ್ದಿತ್ತು.

ಮರುದಿನ ಬೆಳಿಗ್ಗೆಯೇ ಕೆಲಸ ಶುರುವಾಯಿತು. ಮೆತ್ತನೆಯ ಬ್ರಷ್ಷಿನಿಂದ ಜಿಡ್ಡಿನ ಮೇಲೆ ಸೋಪು ನೀರು ಸವರಿ ನೆನೆಯಲು ಬಿಟ್ಟು, ಆಮೇಲೆ ತೊಟ್ಟಿಗೆ ಇಳಿಸಿದಳು. ನೀರು ಹಾಲಿನಂತೆ ಬೆಳ್ಳಗಾಯಿತು. ಚೆಲ್ಲಿ ಹೊಸ ನೀರು ತುಂಬಿದಳು. ಮತ್ತೆ ಬೆಳ್ಳಗಾಯಿತು. ಮೇಲುಮೇಲಿನದು ಹೋಯಿತು, ಗೀರಿನ ತಳದ್ದು ಜಪ್ಪಯ್ಯ ಅನ್ನಲಿಲ್ಲ. ಕುರಿಕೊಬ್ಬು ಬಿಸಿ ಇಲ್ಲದೆ ಕರಗುವುದಿಲ್ಲ, ತಟ್ಟೆ ಬಿಸಿ ತಾಳುವುದಿಲ್ಲ.

"ಬಿಸಿ ಜಾಸ್ತಿ ಮಾಡಿ ಖೋಲಾ," ಎಂದ ಎರ್ಗಶ್ ಬಾಗಿಲಲ್ಲಿ ನಿಂತು ಸೋಮ್ಸಾ ತಿನ್ನುತ್ತ. "ನಾನು ಎಂಜಿನ್ ಜಿಡ್ಡು ತೆಗೆಯೋವಾಗ ಕುದಿಸಿಬಿಡ್ತೀನಿ."

"ಇದು ನಿನ್ನ ಲಾರಿ ಅಲ್ಲ ಕಣೋ ಕತ್ತೆ. ಇದು ನನ್ನ ಗಂಟಲು."

ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ತಿರುಗುವ ತಟ್ಟೆಯ ಅಂಚನ್ನೇ ನೋಡುವುದು, ಮತ್ತೆ ಕೂದಲೆಳೆಯಷ್ಟು. ಒಂದು ಹೊತ್ತಿನಲ್ಲಿ ಅಂಚು ಸಣ್ಣಗೆ ಅಲೆಯಾಡಿತು. ಸ್ವಿಚ್ಚು ಆರಿಸಿ, ತಟ್ಟೆಯನ್ನು ಎರಡು ಗಾಜಿನ ಹಲಗೆಗಳ ನಡುವೆ ಮಲಗಿಸಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಳು. ಹೋಯಿತೇ? ಸನೋಬರ್ ಶುರು ಮಾಡಿದ್ದನ್ನು ನಾನೇ ಪೂರ್ತಿ ಮಾಡಿಬಿಟ್ಟೆನೇ? ತಣ್ಣಗಾದ ಮೇಲೆ ತೆಗೆದು ನೋಡಿದಾಗ ತಟ್ಟೆ ಸಮನಾಗಿತ್ತು. ಆಮೇಲೆ ಅವಳು ಅವಸರ ಮಾಡಲಿಲ್ಲ. ನೀರು ಬದಲಿಸುವುದು, ನೆನೆಸುವುದು, ಇಳಿಸುವುದು. ಮೂರನೆಯ ದಿನ ಮಧ್ಯಾಹ್ನ ತೊಟ್ಟಿಯ ನೀರು ತಿಳಿಯಾಗಿಯೇ ಉಳಿಯಿತು.

ಒರೆಸಿ, ಒಣಗಿಸಿ, ಸೂಜಿ ಇಟ್ಟಳು. ಹುಡುಗಿಯ ದನಿ ಕೋಣೆ ತುಂಬಿತು. ಏರಿತು, ಇನ್ನೂ ಏರಿತು, ತುದಿಯಲ್ಲಿ ನಿಂತಿತು. ಅಲ್ಲಿ, ತಂತಿಗಳ ಹಿಂದಿನಿಂದ ಮುದುಕನ ಒರಟು ಕೂಗು: "ಯಶಾ, ಖೋಸಿಯತ್!"

ಎರ್ಗಶ್ ಕಣ್ಣೊರೆಸಿಕೊಂಡ. ಅವಳು ಅಳಲಿಲ್ಲ.

"ಫೋನಲ್ಲಿ ಹಿಡಿದು ಹಾಕ್ಬಿಡ್ಲಾ? ಸಂಜೆಯೊಳಗೆ ಇಡೀ ತಾಷ್ಕೆಂಟ್ ಕೇಳುತ್ತೆ."

"ಕಂಪ್ಯೂಟರ್ ಮಾಡಿದ್ದು ಅಂತಾರೆ. ಈಗ ಸತ್ತೋರ ಕೈಲೂ ಮಾತಾಡಿಸ್ತಾರಂತಲ್ಲ. ಇದು ಅವಳ ಪೆಟ್ಟಿಗೆಯಿಂದ ಬಂದಿದೆ, ಅವಳ ಅಂಗಳದಲ್ಲೇ ಹಾಡ್ಲಿ. ಆಗ ಅವಳ ಮುಖ ನನಗೆ ಕಾಣ್ಬೇಕು."

"ಹೋಗ್ಲಿ ಬಿಡಿ ಖೋಲಾ, ಎಂಬತ್ತರ ಮುದುಕಿ ಪಾಪ..."

"ನಂಗೇನು ಹದಿನಾರಾ?"

ಬರ್ಚಿನ್ ಬಂದು ತಟ್ಟೆಯಲ್ಲಿ ತನ್ನ ಮುಖ ನೋಡಿಕೊಂಡು ಹಿಗ್ಗಿ ಹೋದಳು. "ನೀವೂ ಬನ್ನಿ ಖೋಲಾ. ಸೂಜಿ ಇಡೋಕೆ ನಂಗೆ ಕೈ ನಡುಗುತ್ತೆ" ಎಂದಳು. ಖೋಸಿಯತ್‌ಗೆ ಒಂದು ಗಳಿಗೆ ಮಾತು ನಾಲಿಗೆಯ ತುದಿಗೆ ಬಂತು. ಈ ಹುಡುಗಿ ನಾಳೆ ಅದೇ ಮನೆಯಲ್ಲಿ ಬಾಳಬೇಕಾದವಳು, ಮೊದಲ ಪೆಟ್ಟು ಬೀಳುವುದು ಇವಳ ಬೆನ್ನಿಗೆ. ಅದು ಗೊತ್ತಿದ್ದೂ ಅವಳು ಮಾತನ್ನು ನುಂಗಿದಳು. "ಬರ್ತೀನಿ" ಎಂದಳು.

ಹುಟ್ಟುಹಬ್ಬದ ದಿನ ಸನೋಬರ್ ಮನೆಯಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಊಟದ ಮೇಜುಗಳು ತುಂಬಿದ್ದವು. ಮೇಜುಗಳ ತಲೆಯ ಕಡೆ ಮಖಮಲ್ಲಿನ ನಿಲುವಂಗಿ ತೊಟ್ಟ ಸನೋಬರ್ ಕೂತಿದ್ದಳು, ಇನ್ನೂ ನೆಟ್ಟಗೆ, ಇನ್ನೂ ಹುಬ್ಬಿಗೆ ಕಪ್ಪು ತೀಡಿ. ಖೋಸಿಯತ್ ನಮಸ್ಕರಿಸಿದಾಗ "ಚೆನ್ನಾಗಿದ್ದೀಯಾ ತಾಯಿ" ಎಂದು ಬೆರಳ ತುದಿ ನೀಡಿ, ಮುಖ ಬೇರೆ ಕಡೆ ತಿರುಗಿಸಿದಳು. ಗುರುತೇ ಸಿಕ್ಕಿರಲಿಲ್ಲ. ಅದು ಖೋಸಿಯತ್‌ಗೆ ಹಳೆಯ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಗುರುತು ಹಿಡಿದವನು ಅಂದಿನ ತಂಡದಲ್ಲಿ ಉಳಿದ ಒಬ್ಬನೇ, ದೊಯ್ರಾ ತಮಟೆ ಬಡಿಯುತ್ತಿದ್ದ ಹೋಲ್ಮತ್. ಅವನು ಅವಳನ್ನು ನೋಡಿ ತಟ್ಟನೆ ಪಲಾವಿನ ಕಡೆ ಕಣ್ಣಿಳಿಸಿದ.

ಬರ್ಚಿನ್ ಎದ್ದು ನಿಂತು ಅತ್ತೆಗೊಂದು ಉಡುಗೊರೆ ಇದೆಯೆಂದು ಗಾನತಟ್ಟೆಯನ್ನು ಎತ್ತಿ ತೋರಿಸಿದಳು. ಬಿಳಿ ಚೀಟಿ ಕಂಡದ್ದೇ ಸನೋಬರ್‌ಳ ಮುಖ ಸುಣ್ಣವಾಯಿತು. "ಅದನ್ಯಾಕೆ ತಂದೆ? ತೆಗಿ! ಗೀರು ಬಿದ್ದಿದೆ ಅದಕ್ಕೆ, ಹಾಡಲ್ಲ!"

"ಹಾಕಿ, ಹಾಕಿ!" ಎಂದು ಅತಿಥಿಗಳು ಚಪ್ಪಾಳೆ ತಟ್ಟಿದರು. ಖೋಸಿಯತ್ ಸೂಜಿ ಇಳಿಸಿದಳು.

ಹಾಡು ಏರುತ್ತಿದ್ದ ಹಾಗೆ ಊಟದ ಸದ್ದು ನಿಂತಿತು. ಅವ್ಜ್ ಬಂತು. ಜನ ಬಾಯಿ ತೆರೆಯುವ ಮೊದಲೇ ಉಸ್ತಾನ ಕೂಗು ಚಪ್ಪರದ ಕೆಳಗೆ ಬಿತ್ತು. "ಯಶಾ, ಖೋಸಿಯತ್!"

"ಯಾರ್ರೀ ಅದು ಖೋಸಿಯತ್?" ಎಂದಳು ಒಬ್ಬ ಹೆಂಗಸು.

ಸನೋಬರ್ ಸೋಲುವವಳಲ್ಲ. "ಚಾ ಕೊಡೋ ಹುಡುಗಿ ಒಬ್ಬಳಿದ್ಲು," ಎಂದು ನಕ್ಕಳು. "ಉಸ್ತಾಗೆ ಬಾಯಾರಿದಾಗೆಲ್ಲ ಅವಳನ್ನೇ ಕರೀತಿದ್ರು, ಹಾಡು ಕೆಟ್ಟು ಹೋದ್ರೂ ಸರಿ." ಎಲ್ಲರೂ ನಕ್ಕರು. ಉಣ್ಣುವ ಹೊತ್ತಿನಲ್ಲಿ ಯಾರಿಗೂ ಜಗಳ ಬೇಕಿರಲಿಲ್ಲ.

ಖೋಸಿಯತ್ ಸೂಜಿ ಎತ್ತಿ ಹಿಂದಕ್ಕಿಟ್ಟಳು. ಅದೇ ಏರು, ಅದೇ ಕೂಗು. ಈ ಸಲ ನಗು ಬರಲಿಲ್ಲ.

"ಖೋಸಿಯತ್ ನಾನೇ," ಎಂದಳು. "ನಾನು ಚಾ ಕೊಡ್ತಿರಲಿಲ್ಲ. ಹಾಡ್ತಿದ್ದೆ."

ಸನೋಬರ್ ಎದ್ದು ಬಂದು ಅವಳ ಮಣಿಕಟ್ಟು ಹಿಡಿದಳು. ಈಗ ಗುರುತು ಸಿಕ್ಕಿತ್ತು. ಕಿವಿಯ ಹತ್ತಿರ ಪಿಸುಗುಟ್ಟಿದಳು: "ಏನು ಬೇಕು ನಿಂಗೆ? ನನ್ನ ಶಿಷ್ಯೆ ಅಂತ ಈಗಲೇ ಎಲ್ಲರ ಮುಂದೆ ಹೇಳ್ತೀನಿ. ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ."

"ಒಂದೇ ಒಂದು ಬೇಕು ಒಪಾ," ಎಂದಳು ಖೋಸಿಯತ್, ಎಲ್ಲರಿಗೂ ಕೇಳುವಂತೆ. "ಉಸ್ತಾ ಕೂಗಿದ್ದನ್ನ ನೀವೂ ಒಂದ್ಸಲ ಕೂಗಿ."

ಮತ್ತೆ ಸೂಜಿ ಇಟ್ಟಳು. ಹಾಡು ತುದಿ ಮುಟ್ಟಿದಾಗ ಹೋಲ್ಮತ್ ಊರುಗೋಲು ಹಿಡಿದು ಎದ್ದು ನಿಂತ. "ಯಶಾ, ಖೋಸಿಯತ್!" ಎಂದು ಕೂಗಿ, "ತಪ್ಪಾಯ್ತು ಕಣಮ್ಮಾ" ಎಂದು ಕುಸಿದು ಕೂತ. ಆ ಮೇಜಿನಿಂದ ಇನ್ನೊಬ್ಬರು ಕೂಗಿದರು, ಈ ಮೇಜಿನಿಂದ ಮತ್ತೊಬ್ಬರು. ಬರ್ಚಿನ್ ಮಾತ್ರ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ಬಾಗಿಲಿಗೆ ಆತು ನಿಂತಿದ್ದಳು.

ಆಮೇಲೆ ಎಲ್ಲರ ಕಣ್ಣೂ ಸನೋಬರ್ ಮೇಲೆ ಬಿತ್ತು. ತನ್ನದೇ ಅಂಗಳದಲ್ಲಿ ಅವ್ಜ್ ಕೇಳಿ ಬಾಯಿ ಬಿಚ್ಚದೆ ನಿಂತವಳು ಈ ಊರಿನಲ್ಲಿ ಅಂದಿನವರೆಗೆ ಇರಲಿಲ್ಲ. ಅವಳ ತುಟಿಗಳು ಅಲ್ಲಾಡಿದವು. ಹೆಸರಿನ ಆಕಾರಕ್ಕೇ ಅಲ್ಲಾಡಿದವು, ಹತ್ತಿರ ನಿಂತವರಿಗೆಲ್ಲ ಅದು ಕಂಡಿತು. ದನಿ ಬರಲಿಲ್ಲ.

ಖೋಸಿಯತ್ ತನ್ನಲ್ಲಿ ಕನಿಕರ ಹುಟ್ಟಬಹುದೆಂದು ಒಂದು ಕ್ಷಣ ಕಾದಳು. ಹುಟ್ಟಲಿಲ್ಲ.

"ಕೇಳಿಸ್ಲಿಲ್ಲ ಒಪಾ," ಎಂದು ಸೂಜಿ ಎತ್ತಿ ಮತ್ತೆ ಹಿಂದಕ್ಕಿಟ್ಟಳು.